ಚುಕ್ಕಿ, ಕೆಂಪಿ: ಎರಡು ಕಡಸುಗಳ ಬೆದೆ ಲೆಕ್ಕ

ಹೆಸರಘಟ್ಟದ ಕಡೆಯ ಕೊಟ್ಟಿಗೆ. ಎರಡೂ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್ ಎಂಬ ಹಾಲಿನ ತಳಿ) ಮಿಶ್ರತಳಿ.

ಜೂನ್ 3: ತೂಕದ ಯಂತ್ರವಿಲ್ಲ, ಟೇಪೇ ಗತಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆ × ಸುತ್ತಳತೆ × ಉದ್ದ, ಅದನ್ನು 660ರಿಂದ ಭಾಗಿಸಿದರೆ ಕೆಜಿ. ಚುಕ್ಕಿ (58, 50) 255. ಕೆಂಪಿ (54, 47) 208. ಬೆಳೆದ ಹಸು 400 ಕೆಜಿ ತೂಗುತ್ತದೆ ಅಂದುಕೊಂಡು ಗಬ್ಬ ಕಟ್ಟಿಸಲು 250ಕ್ಕೆ ಗೆರೆ ಹಾಕಿದ್ದೇವೆ. ವಯಸ್ಸು ನೋಡಿ ಸೆಮೆನ್ (ಹೋರಿಯ ವೀರ್ಯ) ಹಾಕಿಸುವುದಕ್ಕಿಂತ ತೂಕ ನೋಡಿ ಹಾಕಿಸುವುದೇ ಸರಿ.

ಜೂನ್ 9: ಚುಕ್ಕಿಯ ಬಾಲದ ಬುಡದಲ್ಲಿ ಒಣಗಿದ ರಕ್ತದ ಕಲೆ. ಗಾಬರಿ ಬೇಡ, ಇದು ರೋಗವಲ್ಲ. ಬೆದೆ ಇಳಿದು ಒಂದರಿಂದ ಮೂರು ದಿನದೊಳಗೆ ಕಡಸುಗಳಲ್ಲಿ ಹೀಗೆ ಕಾಣುವುದು ಸಾಮಾನ್ಯ. ಅಂದರೆ ಬೆದೆ ಕಣ್ತಪ್ಪಿ ಹೋಗಿದೆ. ರಕ್ತ ಕಂಡ ಮೇಲೆ ಸೆಮೆನ್ ಹಾಕಿಸಿದರೆ ಸ್ಟ್ರಾ (ಸೆಮೆನ್ ತುಂಬಿದ ಸಣ್ಣ ಕೊಳವೆ) ದಂಡ, ಅಂಡಾಣು ಅಷ್ಟರಲ್ಲಿ ಬಿಡುಗಡೆಯಾಗಿ ಮುಗಿದಿರುತ್ತದೆ. ಕಲೆಗೂ ಬೆಲೆ ಇದೆ: ಬೆದೆ 7ನೇ ತಾರೀಕು ಎಂದಿಟ್ಟುಕೊಂಡು 18ರಿಂದ 24 ದಿನ ಕೂಡಿಸಿದರೆ ಮುಂದಿನ ಬೆದೆ ಜೂನ್ 25ರಿಂದ ಜುಲೈ 1ರೊಳಗೆ. ತಪ್ಪಿದ್ದೇಕೆ? ಹಗಲೆಲ್ಲ ಗೂಟಕ್ಕೆ ಕಟ್ಟಿದ್ದರಿಂದ. ಒಂದರ ಮೇಲೊಂದು ಹತ್ತುವುದೇ ಬೆದೆಯ ಗುರುತು; ಕಟ್ಟಿದ ಕಡಸು ಯಾವುದರ ಮೇಲೆ ಹತ್ತೀತು? ಸಿಮೆಂಟ್ ನೆಲದಲ್ಲಂತೂ ಜಾರುವ ಭಯಕ್ಕೆ ಹತ್ತುವುದೇ ಇಲ್ಲ. ಇನ್ನು ಬೆಳಗ್ಗೆ 6ಕ್ಕೆ, ರಾತ್ರಿ 9ಕ್ಕೆ ಮಣ್ಣಿನ ಅಂಗಳದಲ್ಲಿ ಅರ್ಧ ಗಂಟೆ ಬಿಡುವುದು.

ಜೂನ್ 14: ಕೆಂಪಿ ಬೆದೆಗೆ ಬಂದಿದೆ. ತಾರೀಕು ಬರೆದುಕೊಂಡೆವು, ಸೆಮೆನ್ ಹಾಕಿಸಲಿಲ್ಲ. 208 ಕೆಜಿಗೆ ಗಬ್ಬ ಕಟ್ಟಿದರೆ ಕರು ಹಾಕುವಾಗ ಸೊಂಟ ಸಾಲದೆ ಒದ್ದಾಟ.

ಜೂನ್ 27: ಬೆಳಗ್ಗೆ 6ಕ್ಕೆ ಕೆಂಪಿ ಮೇಲೆ ಹತ್ತಿದಾಗ ಚುಕ್ಕಿ ಕದಲದೆ ನಿಂತಿತು. ಗಾಜಿನಂಥ ತಿಳಿ ಲೋಳೆ, ಎಳೆದರೆ ಹರಿಯದಷ್ಟು ಅಂಟು. ಬೆದೆ ಬೆಳಗ್ಗೆ ಕಂಡರೆ ಸಂಜೆ ಸೆಮೆನ್, ಸಂಜೆ ಕಂಡರೆ ಮರುಬೆಳಗ್ಗೆ ಎಂಬ ಲೆಕ್ಕದಂತೆ ಸಂಜೆ 5ಕ್ಕೆ ಹಾಕಿಸಿದ್ದು. ಸ್ಟ್ರಾ 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್. ತುದಿ ಕತ್ತರಿಸುವ ಮೊದಲು ಬಟ್ಟೆಯಲ್ಲಿ ಒರೆಸಲೇಬೇಕು, ಒಂದು ಹನಿ ನೀರು ಒಳಗೆ ಹೋದರೂ ವೀರ್ಯಾಣು ಸಾಯುತ್ತವೆ. ಅವಸರದಲ್ಲಿ ಎಲ್ಲರೂ ಬಿಡುವ ಕೆಲಸ ಇದೇ.

ಜುಲೈ 15–21: ಚುಕ್ಕಿ ಬೆದೆಗೆ ಬರಲಿಲ್ಲ. ಅಷ್ಟಕ್ಕೇ ಗಬ್ಬ ಎನ್ನುವಂತಿಲ್ಲ.

ಆಗಸ್ಟ್ 30: ಸೆಮೆನ್ ಹಾಕಿಸಿ 64ನೇ ದಿನ. ಡಾಕ್ಟರು ಕೈ ಹಾಕಿ ನೋಡಿದರು, ಗಬ್ಬ ಕಟ್ಟಿದೆ. 280 ದಿನಕ್ಕೆ ಕರು ಎಂದರೆ ಏಪ್ರಿಲ್ 3. ಕೆಂಪಿ (57.5, 50) 250 ಮುಟ್ಟಿದೆ; 21 ದಿನದ ಲೆಕ್ಕದಲ್ಲಿ ಮುಂದಿನ ಬೆದೆ ಸೆಪ್ಟೆಂಬರ್ 6ರ ಆಸುಪಾಸು. 3ನೇ ತಾರೀಕಿನಿಂದಲೇ ಅಂಗಳಕ್ಕೆ ಬಿಟ್ಟು ಕಾಯುವುದು.