ಕಪ್ಪತಗುಡ್ಡಕ್ಕೆ ಹೊರಟಿದ್ದೀರಾ? ಬೆಲ್ಲ ಇಟ್ಕೊಳ್ಳಿ

‘ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತಗಿರಿ ನೋಡು’ ಅಂತ ಗದಗದ ಕಡೆ ಒಂದು ಮಾತಿದೆ. ಅದನ್ನು ನಂಬಿ ಮೊದಲ ಸಲ ಏಪ್ರಿಲ್‌ನಲ್ಲಿ ಹೋದೆ. ಕಂಡದ್ದು ಒಣಹುಲ್ಲು, ಕಲ್ಲು, ಮೇಲೆ ತಿರುಗುವ ಗಾಳಿಯಂತ್ರಗಳು. ಔಷಧಿ ಗಿಡಗಳ ಗುಡ್ಡ ಅಂದ್ರೆ ಇದೇನಾ ಅನ್ನಿಸಿತು. ಎರಡನೇ ಸಲ ಸೆಪ್ಟೆಂಬರ್ ಕೊನೆಗೆ ಹೋದಾಗ ಗುಡ್ಡದ ಗುರುತೇ ಸಿಗಲಿಲ್ಲ, ಅಷ್ಟು ಹಸಿರು. ನೀವೂ ಮಳೆ ಬಿದ್ದ ಮೇಲೆ ಹೋಗಿ.

ಡೋಣಿ ಕಡೆಯಿಂದ ಬೆಳಿಗ್ಗೆಯೇ ಹತ್ತಲು ಶುರು ಮಾಡಿ. ಡಂಬಳದ ದೊಡ್ಡಬಸಪ್ಪ ಗುಡಿ ಹತ್ತಿರವೇ ಇದೆ, ಅದನ್ನು ಇಳಿದ ಮೇಲೆ ನೋಡಬಹುದು. 2019ರಿಂದ ಇದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೊರಡಿ. ಒಳಗೆ ಗಿಡ, ಬೇರು ಏನೂ ಕೀಳಬೇಡಿ.

ಎಲ್ಲಕ್ಕಿಂತ ಮುಖ್ಯ, ಗಿಡ ಬಲ್ಲ ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರ್ಕೊಳ್ಳಿ. ನಮಗೆ ಬರೀ ಪೊದೆ ಕಂಡ ಕಡೆ ನಮ್ಮ ಜೊತೆ ಬಂದ ಅಜ್ಜ ನಿಂತುಬಿಡುತ್ತಿದ್ದರು. ಇದು ಶತಾವರಿ, ಬಾಣಂತಿಗೆ ಹಾಲು ಹೆಚ್ಚಲಿ ಅಂತ ಗಡ್ಡೆ ಕೊಡ್ತಾರೆ. ಅದು ಜ್ವರಕ್ಕೆ ಕಷಾಯ ಮಾಡುವ ನೆಲಬೇವು. ಮರದಿಂದ ದಾರದ ಹಾಗೆ ಬೇರು ಇಳಿಬಿಟ್ಟದ್ದು ಅಮೃತಬಳ್ಳಿ. ಅದರ ಕಾಂಡದ ಕಾಗದದಂಥ ಸಿಪ್ಪೆ ಎದ್ದ ಕಡೆ ಒಳಗಿನ ಹಸಿರು ಕಾಣುತ್ತಿತ್ತು.

ಪಕ್ಕದ ಬಳ್ಳಿಯಲ್ಲೇ ಗುಲಗಂಜಿ. ಕೆಂಪಗೆ, ಕಪ್ಪು ಚುಕ್ಕೆಯಿಟ್ಟು ಎಷ್ಟು ಚೆಂದ ಅಲ್ವಾ? ಬೀಜ ಜಗಿದರೆ ಜೀವಕ್ಕೇ ಅಪಾಯ. ಮಕ್ಕಳು ಜೊತೆಗಿದ್ದರೆ ಒಂದು ಕಣ್ಣಿಡಿ.

ಇಳಿದ ಮೇಲೆ ಅಜ್ಜ ತಮ್ಮ ಹೊಲದ ಬೇಲಿಯಿಂದ ಎರಡು ಎಲೆ ಹರಿದು ಕೊಟ್ಟರು. ‘ಚಂದಂಗ ಜಗೀರಿ, ಆಮ್ಯಾಲೆ ಬೆಲ್ಲ ತಿನ್ರಿ’ ಅಂದರು. ಮಧುನಾಶಿನಿ. ಎಲೆ ಸ್ವಲ್ಪ ಕಹಿ. ಬೆಲ್ಲ ಬಾಯಿಗಿಟ್ಟರೆ ಮಣ್ಣು ತಿಂದ ಹಾಗಾಯಿತು. ಸಿಹಿ ಗೊತ್ತಾಗುವ ನಾಲಿಗೆಯ ಜಾಗಗಳನ್ನೇ ಈ ಎಲೆ ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ಸಕ್ಕರೆ ಕಾಯಿಲೆಗೆ ಇದನ್ನು ಹಿಂದಿನಿಂದಲೂ ಬಳಸುತ್ತಾರೆ. ಆದರೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನೂ ಶುರು ಮಾಡಬೇಡಿ, ಸಕ್ಕರೆ ಜಾಸ್ತಿಯೇ ಇಳಿದೀತು.

ನೀರು ತಲಾ ಎರಡು ಲೀಟರ್ ಇರಲಿ. ಬೂಟು, ಉದ್ದನೆಯ ಪ್ಯಾಂಟು ಬೇಕೇ ಬೇಕು. ನನ್ನ ಸಾಕ್ಸಿನ ತುಂಬಾ ಉತ್ತರಾಣಿ ಬೀಜ! ಅದೂ ಔಷಧಿಯೇ ಅಂತ ಅಜ್ಜ ನಕ್ಕರು. ಡೋಣಿಯಲ್ಲಿ ಚಹಾ ಕುಡಿಯುತ್ತಾ ಒಂದೊಂದೇ ಕಿತ್ತೆ. ಚಹಾಕ್ಕೆ ಸಕ್ಕರೆ ಹಾಕಿಲ್ಲ ಅಂತ ಅಂಗಡಿಯವರ ಹತ್ತಿರ ತಕರಾರು ಬೇರೆ ತೆಗೆದೆ. ಎಲೆ ಜಗಿದದ್ದು ಆಮೇಲೆ ನೆನಪಾಯಿತು.