ಮನೆಯಲ್ಲೇ ಇರುತ್ತಾರಲ್ಲ!

ತಮ್ಮ ಮನೆಯಲ್ಲೇ ನಾಲ್ಕಾರು ಮಕ್ಕಳನ್ನು ನೋಡಿಕೊಂಡು ಜೀವನ ನಡೆಸುವವರ ಬೆನ್ನಿಗೆ ನಿಲ್ಲುವುದು ನನ್ನ ಉದ್ಯೋಗ. ಪರವಾನಗಿಯ ಅರ್ಜಿ ತುಂಬಿಸುತ್ತೇನೆ, ಲೆಕ್ಕ ಬರೆಯುವುದನ್ನು ಕಲಿಸುತ್ತೇನೆ, ಅಧಿಕಾರಿಗಳ ಮುಂದೆ ಅವರ ಪರವಾಗಿ ವಾದಿಸುತ್ತೇನೆ.

ಹೆಚ್ಚಿನ ಜಗ್ಗಾಟ ಹಾಜರಾತಿಯದು. ಮಗು ಜ್ವರದಿಂದ ವಾರವಿಡೀ ಬರದಿದ್ದರೆ ಅಧಿಕಾರಿಗಳು ಆ ವಾರದ ಹಣಕ್ಕೆ ಕತ್ತರಿ ಹಾಕುತ್ತಾರೆ. ಹಾಗೆಂದು ಆ ಜಾಗವನ್ನು ಬೇರೆ ಮಗುವಿಗೆ ಕೊಡುವಂತಿಲ್ಲ; ಬಾಡಿಗೆ, ವಿದ್ಯುತ್ ಬಿಲ್ಲು ಕಾಯುವುದಿಲ್ಲ. ವಿದ್ಯಾರ್ಥಿ ರಜೆ ಹಾಕಿದನೆಂದು ಶಿಕ್ಷಕರ ಸಂಬಳ ಹಿಡಿಯುತ್ತಾರೆಯೇ? ಹಾಜರಾತಿ ಬಿಟ್ಟು, ಸೇರಿಸಿಕೊಂಡ ಮಕ್ಕಳ ಲೆಕ್ಕದಲ್ಲಿ ಹಣ ಕೊಡಿ ಎಂದು ಕೇಳಿ ಕೇಳಿ ಗಂಟಲು ಒಣಗಿದೆ.

"ಮನೆಯಲ್ಲೇ ಇರುತ್ತಾರಲ್ಲ, ಅದೇನು ಮಹಾ ಕೆಲಸ?" ಎಂದರು ಮೊನ್ನೆ ಒಬ್ಬರು. ಕೂಸನ್ನು ಅಂಗಾತ ಮಲಗಿಸಿ, ಹಾಸಿಗೆಯಿಂದ ದಿಂಬು, ಗೊಂಬೆಗಳನ್ನು ತೆಗೆದಿಟ್ಟು, ಅದರ ಉಸಿರಾಟದ ಮೇಲೆ ಒಂದು ಕಣ್ಣಿಟ್ಟುಕೊಂಡೇ ಉಳಿದಿಬ್ಬರ ಜಗಳ ಬಿಡಿಸುವುದನ್ನು ಆ ಮಹಾನುಭಾವರು ಕಂಡಿಲ್ಲ. ಮಕ್ಕಳು ಹೊರಟ ಮೇಲೆ ಆಟಿಕೆ ತೊಳೆಯುವ, ದಾಖಲೆ ಬರೆಯುವ ಹೊತ್ತಿಗಂತೂ ಕೂಲಿಯೇ ಇಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗಾಗಿ 189ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಒಳ್ಳೆಯದೇ. ಆದರೆ ಅದು ಇನ್ನೊಬ್ಬರ ಮನೆಗಾಗಿ ನೌಕರಿಯಲ್ಲಿರುವವರಿಗೆ. ತಮ್ಮದೇ ಮನೆಯಲ್ಲಿ ಸ್ವಂತವಾಗಿ ಈ ಕೆಲಸ ಮಾಡುವವರು ಅದರ ವ್ಯಾಪ್ತಿಗೆ ಬರುವುದಿಲ್ಲ.

ನಾಳೆ ಮತ್ತೊಂದು ಸಭೆ. ಈ ಸಲ ನಾನೊಬ್ಬಳೇ ಮಾತನಾಡುವ ಬದಲು ಅವರನ್ನೇ ಕರೆದೊಯ್ಯೋಣ ಎಂದುಕೊಂಡೆ. ಸಭೆ ಇಟ್ಟಿರುವುದು ಬೆಳಿಗ್ಗೆ ಹನ್ನೊಂದಕ್ಕೆ! ಆ ಹೊತ್ತಿನಲ್ಲಿ ಮಕ್ಕಳನ್ನು ಯಾರಿಗೆ ಒಪ್ಪಿಸಿ ಬರಬೇಕಂತೆ? ಸಂಜೆಗೆ ಮುಂದೂಡುವಂತೆ ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ.