ಕಲ್ಲಂಗಡಿ ಹೊಟ್ಟೆಯೊಳಗೆ 31 ಡಿಗ್ರಿ

ಬೆಂಗಳೂರಿನ ಆಫೀಸುಗಳಿಗೆ ಹೆಚ್ಚಿದ ಹಣ್ಣಿನ ಡಬ್ಬ ಕಳಿಸುವ ಅಡುಗೆಮನೆಯೊಂದರಲ್ಲಿ ನಾನು ಸೂಪರ್‌ವೈಸರ್. ದಿನಕ್ಕೆ ಮುನ್ನೂರು ಡಬ್ಬ, ಬೇಸಿಗೆ ಬಂತೆಂದರೆ ಐನೂರು. ಕಲ್ಲಂಗಡಿ, ಪರಂಗಿ, ಅನಾನಸ್, ಕರಬೂಜ, ಮೇಲೆ ಒಂದು ಹಿಡಿ ದಾಳಿಂಬೆ. ಬೆಳಗಿನ ಜಾವ ನಾಲ್ಕಕ್ಕೆ ಹೆಚ್ಚಲು ಶುರು, ಒಂಬತ್ತಕ್ಕೆ ವ್ಯಾನ್ ಹೊರಡಬೇಕು, ಹನ್ನೊಂದಕ್ಕೆ ಜನ ತಿನ್ನುತ್ತಾರೆ.

ಕೆಲವು ವರ್ಷದ ಹಿಂದೆ, ಏಪ್ರಿಲ್‌ನ ಒಂದು ಸೋಮವಾರ, ಒಂದು ಆಫೀಸಿನಿಂದ ಫೋನ್ ಬಂತು. ಡಬ್ಬದಲ್ಲಿ ನೀರು ನಿಂತಿದೆ, ಕಲ್ಲಂಗಡಿ ಹುಳಿ ವಾಸನೆ ಹೊಡೆಯುತ್ತಿದೆ ಅಂದರು. ಅಂಥ ದೂರು ಅಪರೂಪಕ್ಕೆ ಬರುತ್ತದೆ. ದುಡ್ಡು ವಾಪಸ್ ಕೊಟ್ಟು ಕ್ಷಮೆ ಕೇಳುತ್ತೇವೆ. ಆದರೆ ಅವತ್ತು ಮಧ್ಯಾಹ್ನ ಅದೇ ಆಫೀಸಿನ ಒಬ್ಬ ಹೆಣ್ಣುಮಗಳು ತಾನೇ ಫೋನ್ ಮಾಡಿದಳು. "ಮೇಡಂ, ನನಗೆ ಈಗ ಆರು ತಿಂಗಳು. ದಿನಾ ನಿಮ್ಮ ಡಬ್ಬಾನೇ ತಿನ್ನೋದು. ಇವತ್ತು ಅರ್ಧ ತಿಂದ ಮೇಲೆ ವಾಸನೆ ಗೊತ್ತಾಯ್ತು. ಏನಾದ್ರೂ ತೊಂದ್ರೆ ಆಗತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಡಾಕ್ಟರಿಗೆ ಒಂದು ಮಾತು ಹೇಳಿಬಿಡಿ ಅಂದೆ. ಅವಳಿಗೆ ಏನೂ ಆಗಲಿಲ್ಲ, ಎರಡು ದಿನ ಬಿಟ್ಟು ನಾನೇ ಕೇಳಿ ತಿಳಿದುಕೊಂಡೆ. ಆದರೆ ಆ ಎರಡು ರಾತ್ರಿ ನಾನು ಮಲಗಿದ್ದು ಅಷ್ಟಕ್ಕಷ್ಟೆ.

ತಪ್ಪು ಎಲ್ಲಾಯಿತು ಅಂತ ನನಗೆ ಅರ್ಥವೇ ಆಗಿರಲಿಲ್ಲ. ಹಣ್ಣು ಅವತ್ತಿನದೇ. ಚಾಕು ತೊಳೆದಿತ್ತು. ಕೈಗೆ ಗ್ಲೌಸ್ ಇತ್ತು. ಕೋಲ್ಡ್ ರೂಮಿನ ಬಾಗಿಲ ಮೇಲೆ 4 ಡಿಗ್ರಿ ಅಂತ ಕಾಣುತ್ತಿತ್ತು. ಡಬ್ಬಗಳು ಐದೂವರೆಯಿಂದ ಒಂಬತ್ತರವರೆಗೆ ಅದರೊಳಗೇ ಇದ್ದವು. ಇನ್ನೇನು ಬೇಕು?

ಮಾರನೇ ದಿನ ಬೆಳಗಿನ ಜಾವ ನಾನು ಕಡ್ಡಿ ಥರ್ಮಾಮೀಟರ್ ಹಿಡಿದು ನಿಂತೆ. ಸಾಂಬಾರ್ ಬಿಸಿ ನೋಡುವುದಕ್ಕೆ ತಂದಿದ್ದು ಅದು, ಹಣ್ಣಿಗೆ ಯಾವತ್ತೂ ಚುಚ್ಚಿರಲಿಲ್ಲ. ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಯಿಂದ ಗಾಡಿ ಬಂದು ಕಲ್ಲಂಗಡಿ ಇಳಿಸುತ್ತಿದ್ದರು. ಒಂದನ್ನು ಸೀಳಿಸಿ ನಡುವಿಗೆ ಕಡ್ಡಿ ಚುಚ್ಚಿದೆ. 31 ಡಿಗ್ರಿ. ಹೊರಗೆ ಜಾವದ ತಂಪು, ಸಿಪ್ಪೆ ಮುಟ್ಟಿದರೆ ತಣ್ಣಗೆ. ಒಳಗೆ ಮಾತ್ರ ಹಿಂದಿನ ದಿನದ ಬಿಸಿಲು ಹಾಗೇ ಕೂತಿತ್ತು.

ಆ ಹಣ್ಣು ಹೋಳಾಯಿತು, ಡಬ್ಬಕ್ಕೆ ಹೋಯಿತು, ಮುಚ್ಚಳ ಬಿತ್ತು. ಇಪ್ಪತ್ತನಾಲ್ಕು ಡಬ್ಬ ಒಂದು ರಟ್ಟಿನ ಪೆಟ್ಟಿಗೆಗೆ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ, ಹಾಗೇ ಕೋಲ್ಡ್ ರೂಮಿಗೆ. ಒಂಬತ್ತಕ್ಕೆ ನಡುವಿನ ಪೆಟ್ಟಿಗೆಯ ನಡುವಿನ ಡಬ್ಬ ತೆಗೆದು ನೋಡಿದೆ. 17. ಅಂಚಿನ ಡಬ್ಬಗಳು ತಣ್ಣಗಾಗಿದ್ದವು, ನಾವು ದಿನಾ ಕೈಯಿಟ್ಟು ನೋಡುತ್ತಿದ್ದದ್ದೂ ಅವನ್ನೇ. ನಡುವಿನದಕ್ಕೆ ರಟ್ಟು ಮತ್ತು ಸುತ್ತಲಿನ ಡಬ್ಬಗಳು ಸೇರಿ ಕಂಬಳಿ ಹೊದಿಸಿದ ಹಾಗೆ ಆಗಿತ್ತು. ಕೋಲ್ಡ್ ರೂಮ್ ತಣ್ಣಗಿದ್ದದ್ದನ್ನು ತಣ್ಣಗೆ ಇಡುತ್ತದೆ, ಅಷ್ಟೆ. ಬಿಸಿ ಇರುವುದನ್ನು ಗಳಿಗೆಯಲ್ಲಿ ತಣಿಸುವ ಶಕ್ತಿ ಅದಕ್ಕಿಲ್ಲ, ಮನೆಯ ಫ್ರಿಜ್ಜಿಗಂತೂ ಇಲ್ಲವೇ ಇಲ್ಲ. ಆಮೇಲೆ ವ್ಯಾನ್, ಸಿಲ್ಕ್ ಬೋರ್ಡ್ ಟ್ರಾಫಿಕ್, ಆಫೀಸಿನ ಪ್ಯಾಂಟ್ರಿಯ ಕಟ್ಟೆ. ಅಂದರೆ ನಾಲ್ಕರಿಂದ ಹನ್ನೊಂದರವರೆಗೆ, ಏಳು ಗಂಟೆ ಕಾಲ, ಆ ಹಣ್ಣು ಒಮ್ಮೆಯೂ ನಿಜವಾಗಿ ತಣ್ಣಗಾಗಿರಲಿಲ್ಲ.

5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಬಿಸಿ ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಹೇಳಿ ಮಾಡಿಸಿದ್ದು. ಇದು ಅಡುಗೆ ಕೆಲಸದ ತರಬೇತಿಯಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ. ಅನ್ನ, ಸಾರು, ಮಾಂಸಕ್ಕೆ ನಾನು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ. ಹಣ್ಣು ಅಂದರೆ ಹಸಿಯದು, ಶುದ್ಧ, ದೇವರಿಗೆ ಇಡುವಂಥದ್ದು ಅಂತ ಮನಸ್ಸು ಅದನ್ನು ಬೇರೆ ಸಾಲಿನಲ್ಲಿ ಇಟ್ಟುಬಿಟ್ಟಿತ್ತು. ಇಡೀ ಹಣ್ಣಿಗೆ ಆ ಮಾತು ಸರಿ, ಸಿಪ್ಪೆಯೇ ಅದಕ್ಕೆ ಕೋಟೆ. ಚಾಕು ಇಳಿದ ಕ್ಷಣದಿಂದ ಅದು ಅನ್ನದ ಹಾಗೆಯೇ. ರಸ ಇದೆ, ಸಕ್ಕರೆ ಇದೆ, ಕಾವಲು ಇಲ್ಲ. ಬಿಸಿ ಅನುಕೂಲವಾಗಿದ್ದರೆ ಕೆಲವು ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಎರಡರಷ್ಟಾಗುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ಇದ್ದದ್ದು ಎರಡು ಗಂಟೆಯಲ್ಲಿ 64, ನಾಲ್ಕು ಗಂಟೆಯಲ್ಲಿ 4,096. ಹೆಚ್ಚಿದ ಹಣ್ಣು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, 32 ಡಿಗ್ರಿ ದಾಟಿದ ಬಿಸಿಲಲ್ಲಿ ಒಂದೇ ಗಂಟೆ ಅನ್ನುವ ನಿಯಮ ಬಂದಿರುವುದು ಇದಕ್ಕೇ.

ನಮ್ಮಲ್ಲಿ ಹಣ್ಣು ಹೆಚ್ಚುವವರಲ್ಲಿ ಹಿರಿಯರು ಒಬ್ಬ ಅಕ್ಕ. ಕೈ ನೋಡಬೇಕು ಅವರದು, ಅನಾನಸ್ ಕಣ್ಣುಗಳನ್ನು ಓರೆ ಗೆರೆಯಲ್ಲಿ ಕೊರೆದು ತೆಗೆಯುವುದು ನೋಡಿದರೆ ಕಸೂತಿ ಹಾಕಿದಂತೆ ಕಾಣುತ್ತದೆ. ವಾಪಸ್ ಬಂದ ಡಬ್ಬ ತೆರೆದು ಅವರು ನನಗೆ ಒಂದು ವಿಷಯ ತೋರಿಸಿದರು. "ಮೇಡಂ, ಅನಾನಸ್ಸು ಏನೂ ಆಗಿಲ್ಲ ನೋಡಿ. ದಾಳಿಂಬೆನೂ ಚೆನ್ನಾಗಿದೆ. ಅದೇ ಡಬ್ಬ, ಅದೇ ಹೊತ್ತು. ಕೆಟ್ಟಿರೋದು ಕಲ್ಲಂಗಡಿ, ಪರಂಗಿ, ಕರಬೂಜ."

ಅಕ್ಕ ಕಣ್ಣಲ್ಲೇ ಕಂಡದ್ದು ಹುಳಿಯ ವಿಷಯ. ಅನಾನಸ್, ದಾಳಿಂಬೆ, ಕಿತ್ತಳೆ, ದ್ರಾಕ್ಷಿ ಹುಳಿ ಹಣ್ಣುಗಳು, ಅವುಗಳ ಪಿಎಚ್ (ಹುಳಿಯ ಅಳತೆ, ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 3, 4ರ ಆಸುಪಾಸಿನಲ್ಲಿ ಇರುತ್ತದೆ. ಅಷ್ಟು ಹುಳಿಯಲ್ಲಿ ಕಾಯಿಲೆ ತರುವ ಬ್ಯಾಕ್ಟೀರಿಯಾಕ್ಕೆ ಬೆಳೆಯುವುದು ಕಷ್ಟ. ಕಲ್ಲಂಗಡಿ ಮತ್ತು ಪರಂಗಿ 5 ದಾಟುತ್ತವೆ, ಕರಬೂಜ 6ನ್ನೂ ದಾಟುತ್ತದೆ. 4.6ಕ್ಕಿಂತ ಮೇಲಿದ್ದರೆ ಹುಳಿಯ ಕಾವಲು ಇಲ್ಲ ಅಂತಲೇ ಲೆಕ್ಕ. ಹಾಗಾಗಿ ಎಲ್ಲ ಹಣ್ಣಿಗೂ ಒಂದೇ ನಿಯಮ ಅನ್ನುವುದು ತಪ್ಪು. ಮಗುವಿನ ಸ್ಕೂಲ್ ಡಬ್ಬಕ್ಕೆ ದಾಳಿಂಬೆ, ದ್ರಾಕ್ಷಿ, ಕಿತ್ತಳೆ ತೊಳೆ ಹಾಕಿ. ಕಲ್ಲಂಗಡಿ, ಪರಂಗಿ ಸಂಜೆ ಮನೆಗೆ ಬಂದ ಮೇಲೆ ಕೊಡಿ.

ಕರಬೂಜದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. 2011ರಲ್ಲಿ ಅಮೆರಿಕದ ಕೊಲರಾಡೊದ ಒಂದು ತೋಟದಿಂದ ಹೋದ ಕರಬೂಜ ತಿಂದು 33 ಜನ ತೀರಿಕೊಂಡರು. ಕಾರಣ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ. ಹಣ್ಣು ತೊಳೆದು ಪ್ಯಾಕ್ ಮಾಡುವ ಜಾಗದಲ್ಲಿ ನೀರು ನಿಲ್ಲುತ್ತಿತ್ತು, ಯಂತ್ರಗಳನ್ನು ಸರಿಯಾಗಿ ಸ್ವಚ್ಛ ಮಾಡುವುದಕ್ಕೆ ಬರುತ್ತಿರಲಿಲ್ಲ, ಕೋಲ್ಡ್ ಸ್ಟೋರೇಜಿಗೆ ಹಾಕುವ ಮುಂಚೆ ಹಣ್ಣಿನ ಬಿಸಿ ಇಳಿಸಿರಲಿಲ್ಲ. ಈ ಕೊನೆಯದನ್ನು ಓದಿದಾಗ ನನ್ನ ಎದೆ ಧಸಕ್ ಅಂದಿತು, ನಾವು ಮಾಡುತ್ತಿದ್ದದ್ದೂ ಅದನ್ನೇ ಅಲ್ವಾ? ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ. ಬಸುರಿಯರಿಗೆ, ವಯಸ್ಸಾದವರಿಗೆ ಅದು ತುಂಬಾ ಅಪಾಯ, ಹೊಟ್ಟೆಯಲ್ಲಿರುವ ಮಗುವಿಗೂ ತಾಗುತ್ತದೆ. ಅವತ್ತು ಫೋನ್ ಮಾಡಿದ ಹುಡುಗಿ ಕೇಳಿದ ಪ್ರಶ್ನೆ ಎಷ್ಟು ಸರಿಯಾದದ್ದು ಅಂತ ನನಗೆ ಆಗ ಗೊತ್ತಾಯಿತು.

ಆಮೇಲೆ ನಮ್ಮ ಕೆಲಸದ ಕ್ರಮವೇ ಬದಲಾಯಿತು. ಈಗ ಹಣ್ಣು ಹಿಂದಿನ ದಿನ ಮಧ್ಯಾಹ್ನವೇ ಬರುತ್ತದೆ. ಬಂದ ಕೂಡಲೇ ತೊಳೆಯುತ್ತೇವೆ. ಇಲ್ಲೊಂದು ಸೂಕ್ಷ್ಮ ಇದೆ. ಬಿಸಿ ಹಣ್ಣನ್ನು ತಣ್ಣೀರಿನಲ್ಲಿ ಮುಳುಗಿಸಬಾರದು. ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಜಾಗದಿಂದ ತೊಳೆದ ನೀರನ್ನೇ ಹಣ್ಣು ಒಳಗೆ ಎಳೆದುಕೊಳ್ಳುತ್ತದೆ, ಜೊತೆಗೆ ಆ ನೀರಿನ ಕೊಳೆಯನ್ನೂ. ಹಣ್ಣಿಗಿಂತ ನೀರು ಸ್ವಲ್ಪ ಬೆಚ್ಚಗಿರಬೇಕು. ಕರಬೂಜದ ಬಲೆಬಲೆ ಸಿಪ್ಪೆಯನ್ನು ಬ್ರಷ್ ಹಾಕಿ ಉಜ್ಜುತ್ತೇವೆ. ಮಣ್ಣು ಹೋದ ಮೇಲೆ 50 ಪಿಪಿಎಂ (ಹತ್ತು ಲಕ್ಷ ಪಾಲಿಗೆ 50 ಪಾಲು) ಕ್ಲೋರಿನ್ ನೀರಿನಲ್ಲಿ ಅದ್ದಿ, ಕುಡಿಯುವ ನೀರಿನಲ್ಲಿ ಜಾಲಿಸಿ, ಒರೆಸಿ, ಇಡೀ ಹಣ್ಣನ್ನೇ ರಾತ್ರಿ ಕೋಲ್ಡ್ ರೂಮಿಗೆ ಇಡುತ್ತೇವೆ. ಮನೆಯಲ್ಲಿ ಕ್ಲೋರಿನ್ ಬೇಡ. ಹರಿಯುವ ನಲ್ಲಿ ನೀರು, ಉಜ್ಜುವ ಕೈ, ಒಣ ಬಟ್ಟೆ ಸಾಕು. ಸೋಪು ಮಾತ್ರ ಹಾಕಬೇಡಿ.

ಬೆಳಿಗ್ಗೆ ಕಲ್ಲಂಗಡಿ ಸೀಳಿದರೆ ಈಗ 7, 8 ಡಿಗ್ರಿ ತೋರಿಸುತ್ತದೆ. ಮೊದಲ ವಾರ ಅಕ್ಕನಿಗೆ ಸಿಟ್ಟು ಬಂದಿತ್ತು. "ಮೇಡಂ, ಕೈ ಜೋಮು ಹಿಡಿಯತ್ತೆ, ಚಾಕು ಹಿಡಿಯೋಕಾಗಲ್ಲ." ನ್ಯಾಯವಾದ ಮಾತು, ಜೋಮು ಹಿಡಿದ ಕೈಯಲ್ಲಿ ಚಾಕು ಜಾರುತ್ತದೆ. ಗ್ಲೌಸ್ ಒಳಗೆ ತೆಳು ಹತ್ತಿ ಗ್ಲೌಸ್ ಕೊಟ್ಟೆವು, ಅರ್ಧ ಗಂಟೆಗೊಮ್ಮೆ ಜಾಗ ಬದಲಾಯಿಸುವ ಕ್ರಮ ಮಾಡಿದೆವು.

ಹಲಗೆ ಈಗ ಎರಡು. ಸಿಪ್ಪೆ ತೆಗೆಯುವುದಕ್ಕೆ ಒಂದು, ತಿರುಳು ಹೆಚ್ಚುವುದಕ್ಕೆ ಇನ್ನೊಂದು, ಚಾಕುವೂ ಬೇರೆ. ಮುಂಚೆ ಒಂದೇ ಚಾಕು ಸಿಪ್ಪೆಯ ಮೇಲಿನ ಕೊಳೆಯನ್ನು ಸೀದಾ ತಿರುಳಿಗೆ ಸವರಿಕೊಂಡು ಹೋಗುತ್ತಿತ್ತು. ಚಾಕು ದಿನಾ ಮಸೆಯುತ್ತೇವೆ. ಮೊಂಡು ಚಾಕು ಹಣ್ಣನ್ನು ಜಜ್ಜುತ್ತದೆ, ಜಜ್ಜಿದ ಹೋಳು ರಸ ಬಿಡುತ್ತದೆ, ಡಬ್ಬದ ತಳದಲ್ಲಿ ನಿಂತ ಆ ರಸದಲ್ಲೇ ಮಿಕ್ಕ ಹೋಳುಗಳು ಲೋಳೆಯಾಗುತ್ತವೆ. ಮೂಲೆ ಚೂಪಾಗಿ, ಹೊಳಪಾಗಿ ನಿಂತ ಹೋಳು ಕಂಡರೆ ಚಾಕು ಸರಿಯಿದೆ ಅಂತ ಅರ್ಥ.

ಹೆಚ್ಚಿದ್ದನ್ನು ಅಗಲ ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ, ಮೇಲೆ ಸಡಿಲವಾಗಿ ಹಾಳೆ ಮುಚ್ಚಿ, ತಣ್ಣಗೆ ಬಿಡುತ್ತೇವೆ. 5 ಬಂದ ಮೇಲೆಯೇ ಡಬ್ಬ, ಮುಚ್ಚಳ. ಬೆಚ್ಚಗಿರುವಾಗ ಮುಚ್ಚಳ ಹಾಕಿದರೆ ಒಳಗೆ ಬೆವರುತ್ತದೆ, ಆ ಬೆವರು ಹೋಳಿನ ಮೇಲೆ ತೊಟ್ಟಿಕ್ಕುತ್ತದೆ. ರಟ್ಟಿನ ಪೆಟ್ಟಿಗೆ ಬಿಟ್ಟು ತೂತಿರುವ ಪ್ಲಾಸ್ಟಿಕ್ ಕ್ರೇಟು ಬಂತು. ಕಡ್ಡಿ ಥರ್ಮಾಮೀಟರನ್ನು ಸೋಮವಾರ ಪುಡಿ ಐಸಿನ ನೀರಿಗೆ ಇಳಿಸಿ ನೋಡುತ್ತೇವೆ, 0 ತೋರಿಸಬೇಕು. ತೋರಿಸದಿದ್ದರೆ ಅದನ್ನು ನಂಬುವ ಹಾಗಿಲ್ಲ.

ಸ್ನೇಹಿತರು ನನ್ನನ್ನು ಜಾಸ್ತಿ ಕೇಳುವುದು ನಿಂಬೆರಸದ ವಿಷಯ. ಸೇಬು, ಸೀಬೆ ಹೆಚ್ಚಿದ ಕೂಡಲೇ ಕಂದುವುದು ಅದರೊಳಗಿನ ಒಂದು ಕಿಣ್ವಕ್ಕೆ ಗಾಳಿ ತಾಗಿ. ನಿಂಬೆಯ ಹುಳಿ ಆ ಕಿಣ್ವವನ್ನು ತಡೆಯುತ್ತದೆ, ಅದರಲ್ಲಿರುವ ವಿಟಮಿನ್ ಸಿ ಕೂಡ ಕೆಲಸ ಮಾಡುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ರಸ ಹಾಕಿ, ಹೋಳು ಅದ್ದಿ ತೆಗೆದರೆ ಕೆಲವು ಗಂಟೆ ಬಣ್ಣ ನಿಲ್ಲುತ್ತದೆ. ಬಣ್ಣ ನಿಲ್ಲುತ್ತದೆ ಅಷ್ಟೆ. ಹೊರಗಿಟ್ಟ ಹಣ್ಣನ್ನು ನಿಂಬೆರಸ ಕಾಪಾಡುವುದಿಲ್ಲ. ನೋಡಲು ತಾಜಾ ಇರುವುದು ಬೇರೆ, ತಿನ್ನಲು ಸುರಕ್ಷಿತ ಇರುವುದು ಬೇರೆ. ಕಾಯಿಲೆ ತರುವ ಬ್ಯಾಕ್ಟೀರಿಯಾ ಬಹಳ ಸಲ ವಾಸನೆಯನ್ನೂ ಕೊಡುವುದಿಲ್ಲ, ರುಚಿಯನ್ನೂ ಕೆಡಿಸುವುದಿಲ್ಲ. ಆ ಸೋಮವಾರ ಹುಳಿ ವಾಸನೆ ಬಂದದ್ದು ನಮ್ಮ ಪುಣ್ಯ. ಇಲ್ಲದಿದ್ದರೆ ಎಲ್ಲರೂ ಪೂರ್ತಿ ತಿಂದುಬಿಡುತ್ತಿದ್ದರು.

ಉಪ್ಪು, ಸಕ್ಕರೆ, ಚಾಟ್ ಮಸಾಲ ತಿನ್ನುವ ಹೊತ್ತಿಗೆ ಉದುರಿಸಿಕೊಳ್ಳಿ. ಮೊದಲೇ ಹಾಕಿದರೆ ಹೋಳಿನ ನೀರೆಲ್ಲ ಹೊರಗೆ ಬಂದು ಹಣ್ಣು ಮೆತ್ತಗಾಗುತ್ತದೆ. ಬಾಳೆಹಣ್ಣು ಹೆಚ್ಚಿ ಇಡುವ ಪದಾರ್ಥವೇ ಅಲ್ಲ.

ಮನೆಯಲ್ಲಿ ಎಷ್ಟು ದಿನ ಇಡಬಹುದು? ನನ್ನ ಮನೆಯ ಲೆಕ್ಕ ಇದು. ಕಲ್ಲಂಗಡಿ, ಕರಬೂಜ, ಪರಂಗಿ ಎರಡು ದಿನ, ಮೂರನೇ ದಿನಕ್ಕೆ ಹೋಗುವುದಿಲ್ಲ. ಮಾವು ಎರಡು ದಿನ. ಅನಾನಸ್ ಮೂರು, ಬಿಡಿಸಿದ ದಾಳಿಂಬೆ ನಾಲ್ಕು. ಸೇಬು, ಸೀಬೆ ಅವತ್ತೇ. ಇದೆಲ್ಲ ಮುಚ್ಚಳ ಬಿಗಿಯಿರುವ ಗಾಜಿನ ಅಥವಾ ಸ್ಟೀಲ್ ಡಬ್ಬದಲ್ಲಿ, ಫ್ರಿಜ್ಜಿನ ಒಳಗಡೆ ಹಿಂಭಾಗದಲ್ಲಿ ಇಟ್ಟರೆ. ಬಾಗಿಲಿನ ತಟ್ಟೆ ಫ್ರಿಜ್ಜಿನಲ್ಲೇ ಬೆಚ್ಚಗಿನ ಜಾಗ. ಹಸಿ ಮಾಂಸ, ಮೀನಿನ ಕೆಳಗೆ ಹಣ್ಣನ್ನು ಯಾವತ್ತೂ ಇಡಬೇಡಿ, ಅದರ ನೀರು ತೊಟ್ಟಿಕ್ಕುತ್ತದೆ. ಕರೆಂಟು ಹೋದರೆ ಬಾಗಿಲು ತೆರೆಯದೆ ಬಿಡಿ, ನಾಲ್ಕು ಗಂಟೆ ತಂಪು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹೋಗಿದ್ದರೆ ಹೆಚ್ಚಿಟ್ಟ ಹಣ್ಣನ್ನು ಎಸೆಯಿರಿ. ಎಸೆಯುವಾಗ ಹೊಟ್ಟೆ ಉರಿಯುತ್ತದೆ, ನನಗೂ ಗೊತ್ತು. ಅರ್ಧ ಕಲ್ಲಂಗಡಿ ಉಳಿಯಿತು ಅಂತಾದರೆ, ಮೊದಲ ದಿನವೇ ಹೋಳು ಮಾಡಿ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಕವರಿಗೆ ತುಂಬಿ. ಕರಗಿದ ಮೇಲೆ ಹೋಳು ಮೆತ್ತಗಾಗುತ್ತದೆ, ಜ್ಯೂಸಿಗೆ ಸೊಗಸು.

ವ್ಯಾನಿನ ತೊಂದರೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ತಂಪು ಪೆಟ್ಟಿಗೆ, ಜೆಲ್ ಐಸ್ ಇಟ್ಟು ಕಳಿಸಿದರೆ ಒಂದೂವರೆ ಗಂಟೆಯ ದಾರಿಗೆ ಸಾಕಾಗುತ್ತದೆ. ವೈಟ್‌ಫೀಲ್ಡ್ ಕಡೆಯ ಒಂದು ರೂಟ್ ಬೇಸಿಗೆಯಲ್ಲಿ ಎರಡೂವರೆ ಗಂಟೆ ಹಿಡಿಯುತ್ತದೆ. ತಲುಪಿದಾಗ ಡಬ್ಬ 11, 12 ಡಿಗ್ರಿ ತೋರಿಸುತ್ತಿತ್ತು. ಆ ರೂಟಿಗೆ ಮಾರ್ಚ್‌ನಿಂದ ಮೇ ತನಕ ಕಲ್ಲಂಗಡಿ, ಪರಂಗಿ, ಕರಬೂಜ ಮೂರನ್ನೂ ನಿಲ್ಲಿಸಿದ್ದೇವೆ. ಅನಾನಸ್, ದ್ರಾಕ್ಷಿ, ದಾಳಿಂಬೆ, ಕಿತ್ತಳೆ ಹೋಗುತ್ತದೆ. ಬೇಸಿಗೆಯಲ್ಲಿ ಕಲ್ಲಂಗಡಿ ಇಲ್ಲದ ಡಬ್ಬವಾ ಅಂತ ಕೇಳುವವರಿಗೆ ಫೋನಿನಲ್ಲಿ ಕಾರಣ ಹೇಳುತ್ತೇನೆ. ಇಬ್ಬರು ಆರ್ಡರ್ ನಿಲ್ಲಿಸಿದರು, ಉಳಿದವರು ಒಪ್ಪಿಕೊಂಡರು.